ಎಳೆದಾರಕ್ಕೆ ಸಿಕ್ಕ ಹೆಮ್ಮೀನು

ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಗೆ ಪೂರ್ವಕಾಲದಲ್ಲಿ ಎಡೆದೊರೆನಾಡೆಂದು ಹೆಸರಿದ್ದಿತು. ದೇವದುರ್ಗದವರಿಗೆ ಕೃಷ್ಣೆಯೂ ಮಾನವಿಯವರಿಗೆ ತುಂಗಭದ್ರೆಯೂ ನೆರೆಯ ಹೊಳೆಗಳು. ಮತ್ಸ್ಯಾಹಾರವು ನಮ್ಮ ಮನೆಯ ಪದ್ಧತಿಯಲ್ಲ. ಆದರೂ ಗಾಳ ಹಿಡಿದು ಕುಳಿತವನ ಬಳಿ ನಿಲ್ಲದೆ ಮುಂದೆ ಹೋಗುವುದು ನಮ್ಮಿಂದಾಗದು.

ಕಳೆದ ಮಾಘಮಾಸದ ಒಂದು ಸಂಜೆ ತಿಂಥಣಿ ಸೇತುವೆಯ ಈಚೆ, ದೇವದುರ್ಗದ ಕಡೆಯ ದಂಡೆಯಲ್ಲಿ ನಿಂತಿದ್ದೆವು. ಹತ್ತು ಹನ್ನೆರಡರ ಹುಡುಗನೊಬ್ಬನು ಬಿದಿರುಕೋಲಿನ ತುದಿಗೆ ಎಳೆದಾರವನ್ನು ಕಟ್ಟಿ, ಜೋಳದ ದಂಟಿನ ಬೆಂಡನ್ನು ತೇಲಿಬಿಟ್ಟು, ಎರೆಹುಳುವಿನಿಂದ ಬೆರಳುದ್ದದ ಮೀನುಗಳನ್ನು ಹಿಡಿಯುತ್ತಿದ್ದನು. ಅಂಬಿಗನಾದ ಅವನ ಅಜ್ಜನು ಹರಗೋಲಿಗೆ ಒರಗಿ ಬಲೆಯ ಹರಕು ಹೆಣೆಯುತ್ತಿದ್ದನು. ಬೆಂಡು ನಡುಗಿತು, ಸಣ್ಣ ಮೀನೊಂದು ಸಿಕ್ಕಿತೆಂದು ಹುಡುಗನು ಎತ್ತುವಷ್ಟರಲ್ಲಿ ಬೆಂಡು ಪೂರ್ಣವಾಗಿ ಮುಳುಗಿ, ಕೋಲು ಬಿಲ್ಲಿನಂತೆ ಬಾಗಿತು. ಗಾಳಕ್ಕೆ ಬಿದ್ದ ಮರಿಮೀನನ್ನು ದೊಡ್ಡದೊಂದು ಬಂದು ನುಂಗಿಬಿಟ್ಟಿತ್ತು!

ಹುಡುಗನು ಆವೇಶದಿಂದ ಮೊಣಕಾಲುದ್ದ ನೀರಿಗಿಳಿದನು. ಅಜ್ಜನು ಬಲೆಯನ್ನು ಬಿಸಾಟು ಓಡಿಬಂದು, "ನೀರಾಗ ಇಳೀಬ್ಯಾಡೋ, ಮೊಸಳಿ ಅದಾವ! ಮ್ಯಾಲ ಬಾ! ಜಗ್ಗಬ್ಯಾಡ, ಕೋಲು ಎತ್ತಿ ಹಿಡಿ, ಅದರ ಹಿಂದ ದಂಡಿಗುಂಟ ನಡಿ!" ಎಂದು ಕೂಗಿದನು. ಈ ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿರುವುದು ಸುಳ್ಳಲ್ಲ. ಹುಡುಗನು ಅಳುಮೋರೆಯಿಂದ ಮೇಲೆ ಬಂದನು. ಕೋಲನ್ನು ಮಾತ್ರ ಬಿಡಲಿಲ್ಲ.

ಅಂತಹ ದಾರವು ಹರಿಯದಿದ್ದುದೇಕೆಂದು ವಾಚಕರು ಕೇಳಬಹುದು. ನೀರಿನಲ್ಲಿರುವ ಮೀನಿನ ಭಾರವನ್ನು ನೀರೇ ಹೊರುತ್ತದೆ. ದಾರವು ತಾಳಬೇಕಾದುದು ಅದರ ಎಳೆತವನ್ನಷ್ಟೆ. ಆ ಎಳೆತವನ್ನೂ ಬಾಗುವ ಬಿದಿರು ಬಹುಪಾಲು ನುಂಗುತ್ತದೆ. ಗಾಲಿಯಿಲ್ಲದ ಕೋಲಿನಲ್ಲಿ ದಾರವನ್ನು ಸಡಿಲಿಸುವ ಉಪಾಯವಿಲ್ಲವಾದ್ದರಿಂದ ಹಿಡಿದವನೇ ಮೀನಿನೊಡನೆ ನಡೆಯಬೇಕು. ಅಜ್ಜ ಮೊಮ್ಮಕ್ಕಳು ಹಾಗೆಯೇ ಅರ್ಧ ತಾಸು ದಂಡೆಯುದ್ದಕ್ಕೂ ಹಿಂದೆ ಮುಂದೆ ನಡೆದರು. ನಾವೂ ಧೋತರವನ್ನು ಎತ್ತಿಕಟ್ಟಿ ಹಿಂದೆಯೇ ನಡೆದೆವೆಂಬುದನ್ನು ಮುಚ್ಚಿಡಲಾರೆವು.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಉಂಟು. ಕೋಲು, ದಾರ, ಗಾಳ, ಬಗೆಬಗೆಯ ಮೀನಿಗೆ ಬಗೆಬಗೆಯ ಎರೆ, ಎಲ್ಲವೂ ಅಲ್ಲಿವೆ. ಅರಸನ ವಿನೋದವು ಈ ಅಂಬಿಗನಿಗೆ ಹೊಟ್ಟೆಪಾಡು. ಇನ್ನು ಗಾಳದ ಬೇಟೆಯಲ್ಲಿ ಕನ್ನಡನಾಡಿನ ಹೆಸರು ದೂರ ದೇಶಗಳಿಗೂ ಮುಟ್ಟಿದುದು 1946ರ ಮಾರ್ಚ್ ತಿಂಗಳಲ್ಲಿ. ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ 120 ಪೌಂಡು ತೂಕದ ಮಹಶೀರನ್ನು ಹಿಡಿದರು. ಕಾವೇರಿ ಸೀಮೆಯ ಆ ಗೂನುಬೆನ್ನಿನ ಜಾತಿಯನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರೆಂಬುದು ವ್ಯಥೆಯ ಸಂಗತಿ.

ನಮ್ಮ ಹುಡುಗನ ಮೀನು ಕಡೆಗೆ ದಣಿದು ಮಗ್ಗುಲಾಯಿತು. ಅಜ್ಜನು ಅದನ್ನು ಮೇಲಕ್ಕೆತ್ತಗೊಡದೆ, ಉಸುಕಿನ ಇಳಿಜಾರಿಗೆ ಜಾರಿಸಿ, ಕಿವಿರಿಗೆ ಕೈಹಾಕಿ ಎಳೆದನು. ಪೊರೆಯಿಲ್ಲದ ಮೈ, ಅಗಲವಾದ ಬಾಯಿ: ಬಾಳೆಮೀನು! ಹುಡುಗನ ಎದೆಯೆತ್ತರಕ್ಕಿತ್ತು.

"ಮಾಸ್ತರ್ರೀ, ಇದನ್ನ ಮಾರೂದಿಲ್ರೀ, ಅವ್ವಗ ತೋರಸ್ತೀನ್ರೀ" ಎಂದು ಹುಡುಗನು ಅದನ್ನು ಹೆಗಲಿಗೇರಿಸಿದನು. ಅಜ್ಜನು, "ತೋರಸಿ, ಆಮ್ಯಾಲ ಮಾರೂಣು" ಎಂದು ಬಲೆಯನ್ನು ಸುತ್ತತೊಡಗಿದನು.