ಬ್ರೇಕಿನ ಕೆಂಪು ದೀಪ ಬೆಳಗಿದಾಗ

ಇಂದು ನಮ್ಮ ಸಮಾಜದ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ಮದುವೆ, ಗೃಹಪ್ರವೇಶ, ಜಾತ್ರೆ, ಮಠದ ದರ್ಶನವೆಂದು ವೃದ್ಧರು ಮಕ್ಕಳಾದಿಯಾಗಿ ಮನೆಮಂದಿಯೆಲ್ಲ ಒಂದೇ ವಾಹನದಲ್ಲಿ ಹೊರಡುವುದು ಸಾಮಾನ್ಯವಾಗಿದೆ. ಬಂಡಿಯ ಕಾಲದಲ್ಲಿ ಗಾಲಿಯ ಕಡಾಣಿಯನ್ನೂ ಅಚ್ಚಿನ ಎಣ್ಣೆಯನ್ನೂ ನೋಡದೆ ಯಾವ ರೈತನೂ ಎತ್ತು ಹೂಡುತ್ತಿರಲಿಲ್ಲ. ಕಾರಿನ ವಿಷಯದಲ್ಲಿ ಆ ಎಚ್ಚರ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಪೆಟ್ರೋಲಿನ ಮುಳ್ಳನ್ನು ದಿನವೂ ನೋಡುವವರು ಅದರ ಪಕ್ಕದಲ್ಲಿಯೇ ಬೆಳಗುವ ಕೆಂಪು ದೀಪವನ್ನು ನೋಡರು. ನೋಡಿದರೂ ಅದರ ಅರ್ಥವನ್ನು ವಿಚಾರಿಸರು.

ಆ ದೀಪದ ಗುರುತು ಸುಲಭವಾದುದು. ಒಂದು ವೃತ್ತ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ, ಎಡಬಲಗಳಲ್ಲಿ ಕಂಸದಂತೆ ಬಾಗಿದ ಎರಡು ಗೆರೆಗಳು. ಕೆಲವು ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೆಂದು 'ಪಿ' ಅಕ್ಷರದ ಬೇರೊಂದು ದೀಪವೂ ಇರುತ್ತದೆ. ಕೀಲಿ ತಿರುವಿದಾಗ ಕೆಂಪು ದೀಪ ಬೆಳಗಬೇಕು. ಎಂಜಿನ್ ಹೊರಟು ಹ್ಯಾಂಡ್‌ಬ್ರೇಕ್ ಇಳಿಸಿದ ಮೇಲೆ ಆರಬೇಕು. ಕೀಲಿ ತಿರುವಿದಾಗಲೂ ಬೆಳಗದಿದ್ದರೆ ಬಲ್ಬೋ ತಂತಿಯೋ ಕೆಟ್ಟಿದೆಯೆಂದೇ ತಿಳಿಯಬೇಕು. ಸದಾ ಉರಿಯುವ ದೀಪಕ್ಕಿಂತ ಎಂದೂ ಉರಿಯದ ದೀಪ ಹೆಚ್ಚು ಅಪಾಯಕಾರಿ. ಏಕೆಂದರೆ ಅದನ್ನು ನಂಬಿ ನಾವು ನಿಶ್ಚಿಂತರಾಗಿರುತ್ತೇವೆ.

ದೀಪ ಬೆಳಗುವ ಕಾರಣ ತಿಳಿಯಲು ಬ್ರೇಕಿನ ಒಳಗುಟ್ಟನ್ನು ಸ್ವಲ್ಪ ಅರಿಯಬೇಕು. ಪೆಡಲನ್ನು ತುಳಿದಾಗ ನಮ್ಮ ಕಾಲಿನ ಒತ್ತಡವನ್ನು ನಾಲ್ಕು ಚಕ್ರಗಳಿಗೂ ಮುಟ್ಟಿಸುವುದು ಕೊಳವೆಗಳಲ್ಲಿ ತುಂಬಿರುವ ಒಂದು ದ್ರವ. ಗ್ಯಾರೇಜಿನವರು ಅದನ್ನು ಬ್ರೇಕ್ ಆಯಿಲ್ ಎನ್ನುತ್ತಾರಾದರೂ ಅದು ಎಣ್ಣೆಯಲ್ಲ. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ೧೯೨೧ರಲ್ಲಿ ನಾಲ್ಕೂ ಚಕ್ರಗಳಿಗೆ ಬಂದ ಈ ವ್ಯವಸ್ಥೆಯ ಮೂಲತತ್ತ್ವ ಇಂದಿಗೂ ಬದಲಾಗಿಲ್ಲ. ಬಾನೆಟ್ ಎತ್ತಿದರೆ ಚಾಲಕನ ಎದುರಿನ ಭಾಗದಲ್ಲಿ ಈ ದ್ರವದ ಸಣ್ಣ ಡಬ್ಬಿ ಕಾಣುತ್ತದೆ. ಅದರ ಮೇಲೆ ಗರಿಷ್ಠ, ಕನಿಷ್ಠ ಎಂಬ ಎರಡು ಗೆರೆಗಳಿರುತ್ತವೆ. ಒಳಗೊಂದು ತೇಲು ಇರುತ್ತದೆ. ದ್ರವ ಇಳಿದಂತೆ ತೇಲೂ ಇಳಿದು ವಿದ್ಯುತ್ತಿನ ಸಂಪರ್ಕವಾಗಿ ದೀಪ ಬೆಳಗುತ್ತದೆ.

ದ್ರವ ಇಳಿಯುವುದು ಎರಡು ಕಾರಣಗಳಿಂದ. ಬ್ರೇಕ್ ಪ್ಯಾಡುಗಳು ಸವೆದಷ್ಟೂ ಚಕ್ರದ ಬಳಿಯ ಪಿಸ್ಟನ್ನುಗಳು ಮುಂದೆ ಸರಿಯುತ್ತವೆ. ಆ ತೆರವನ್ನು ತುಂಬಲು ಡಬ್ಬಿಯ ದ್ರವ ಕೆಳಗಿಳಿಯುತ್ತದೆ. ಇದು ತಿಂಗಳುಗಳ ನಿಧಾನದ ಕೆಲಸ. ಇನ್ನೊಂದು ಕಾರಣ ಸೋರಿಕೆ. ಇದಕ್ಕೆ ಒಂದು ದಿನವೂ ಸಾಕು. ಎರಡರಲ್ಲಿ ಯಾವುದೆಂದು ನೋಡದೆ ಡಬ್ಬಿಗೆ ದ್ರವ ಸುರಿದು ದೀಪ ಆರಿಸುವುದು ರೋಗವನ್ನು ಬಿಟ್ಟು ಜ್ವರಕ್ಕೆ ಮಾತ್ರ ಗುಳಿಗೆ ನುಂಗಿದಂತೆ.

ಕೆಲವು ವರ್ಷಗಳ ಹಿಂದೆ ಭಕ್ತರೊಬ್ಬರ ಕಾರಿನಲ್ಲಿ ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ಮಾರ್ಗವಾಗಿ ಉಜಿರೆಗೆ ಹೊರಟಿದ್ದೆವು. ಹಿಂದಿನ ಆಸನದಲ್ಲಿ ಅವರ ವೃದ್ಧ ತಾಯಿ, ಇಬ್ಬರು ಮೊಮ್ಮಕ್ಕಳು. ಪ್ರತಿ ತಿರುವಿನಲ್ಲಿಯೂ ಕೆಂಪು ದೀಪ ಮಿನುಗಿ, ರಸ್ತೆ ನೇರವಾದೊಡನೆ ಆರುತ್ತಿತ್ತು. ಕೇಳಿದಾಗ ಚಾಲಕನು, "ಹ್ಯಾಂಡ್‌ಬ್ರೇಕ್ ಸ್ವಲ್ಪ ಸಡಿಲ ಆಗೈತೆ ಶಾಸ್ತ್ರಿಗಳೇ, ಒಂದು ವಾರದಿಂದ ಹಂಗೇ ಉರೀತದೆ" ಎಂದನು. ಹ್ಯಾಂಡ್‌ಬ್ರೇಕಿನ ದೋಷವಾದರೆ ತಿರುವಿನಲ್ಲಿ ಮಾತ್ರ ಏಕೆ ಬೆಳಗಬೇಕೆಂದು ನಾವು ಕೇಳಿದೆವು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದಾಗ ದ್ರವ ಕನಿಷ್ಠ ಗೆರೆಗೆ ಇಳಿದಿತ್ತು. ಕಾರು ವಾಲಿದಾಗ ದ್ರವ ಒಂದು ಬದಿಗೆ ಸರಿದು ತೇಲು ತಗ್ಗುತ್ತಿತ್ತು. ಹಿಂದಿನ ಎಡ ಚಕ್ರದ ಒಳಮೈ ಒದ್ದೆಯಾಗಿತ್ತು. ಅಲ್ಲಿಂದ ಮುಂದೆ ಬರೀ ಇಳಿಜಾರು. ಅಜ್ಜಿಯನ್ನೂ ಮಕ್ಕಳನ್ನೂ ಬಸ್ಸಿನಲ್ಲಿ ಕಳುಹಿಸಿ ಮೆಕ್ಯಾನಿಕನನ್ನು ಕರೆಸಿದೆವು. ಚಕ್ರದ ಸಿಲಿಂಡರಿನ ರಬ್ಬರ್ ಹರಿದಿತ್ತು. ವಾರದಿಂದ ಉರಿಯುತ್ತಿದ್ದ ದೀಪಕ್ಕೆ ಅದೊಂದೇ ಹೇಳಬೇಕಾದ ಮಾತಾಗಿತ್ತು.

ಹಾಗಾದರೆ ದೀಪ ಬೆಳಗಿದಾಗ ಏನು ಮಾಡಬೇಕು? ಮೊದಲು ಹ್ಯಾಂಡ್‌ಬ್ರೇಕನ್ನು ಪೂರ್ಣ ಇಳಿಸಿ ನೋಡಬೇಕು. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆರದಿದ್ದರೆ ವೇಗ ತಗ್ಗಿಸಿ, ಪೆಡಲನ್ನು ಮೆಲ್ಲಗೆ ತುಳಿದು, ರಸ್ತೆಯ ಬದಿಯ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಪೆಡಲು ಎಂದಿಗಿಂತ ಆಳಕ್ಕಿಳಿದರೆ, ಸ್ಪಂಜಿನಂತೆ ಮೆತ್ತಗಾದರೆ, ದ್ರವ ಗೆರೆಯ ಕೆಳಗಿದ್ದರೆ ಆ ಕಾರನ್ನು ಓಡಿಸಲೇಬಾರದು. "ಬ್ರೇಕ್ ಹಿಡಿಯುತ್ತಿದೆಯಲ್ಲ" ಎಂಬ ವಾದ ಇಲ್ಲಿ ಸಲ್ಲದು. ಈಗಿನ ಕಾರುಗಳಲ್ಲಿ ದ್ರವದ ದಾರಿ ಎರಡು ಭಾಗವಾಗಿರುತ್ತದೆ; ಒಂದು ಬರಿದಾದರೂ ಇನ್ನೊಂದು ಎರಡು ಚಕ್ರಗಳನ್ನು ಹಿಡಿಯುತ್ತದೆ. ಕಾರು ನಿಲ್ಲುವುದು ನಿಜ, ಆದರೆ ಬಹಳ ದೂರ ಸಾಗಿದ ಮೇಲೆ.

ಓಡುತ್ತಿರುವಾಗಲೇ ಪೆಡಲು ಪೂರ್ತಿ ಸೋತರೆ ಅದನ್ನು ಮತ್ತೆ ಮತ್ತೆ ಬೇಗ ಬೇಗನೆ ತುಳಿಯಬೇಕು. ಕೆಲವೊಮ್ಮೆ ಒತ್ತಡ ಮರಳುತ್ತದೆ. ಗೇರನ್ನು ಒಂದೊಂದಾಗಿ ಇಳಿಸುತ್ತ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದೇ ನಿಧಾನವಾಗಿ ಮೇಲೆಳೆಯಬೇಕು. ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಬಿಗಿದು ಕಾರು ತಿರುಗಿಬಿಡುತ್ತದೆ. ಗಾಬರಿಯಲ್ಲಿ ಕೀಲಿಯನ್ನು ಮಾತ್ರ ತಿರುಗಿಸಬಾರದು. ಎಂಜಿನ್ ನಿಂತರೆ ಬ್ರೇಕಿಗೂ ಸ್ಟಿಯರಿಂಗಿಗೂ ಇರುವ ಸಹಾಯ ತಪ್ಪುತ್ತದೆ. ಕೀಲಿ ಹೊರಬಂದರೆ ಸ್ಟಿಯರಿಂಗೇ ಬೀಗ ಬೀಳಬಹುದು.

ಈ ದೀಪಕ್ಕೆ ತಿಳಿಯದ ಒಂದು ಸಂಗತಿಯಿದೆ, ಅದು ಶಾಖ. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ ೩ ಎಂಬ ದರ್ಜೆಯ ಹೊಸ ದ್ರವ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಮೇಲೆ ೧೪೦ರ ಸುಮಾರಿಗೇ ಕುದಿಯಬಹುದು. ಡಾಟ್ ೪ಕ್ಕೆ ಈ ಮಿತಿಗಳು ೨೩೦ ಮತ್ತು ೧೫೫. ಆಗುಂಬೆಯ ೧೪ ಹೇರ್‌ಪಿನ್ ತಿರುವುಗಳನ್ನು ಕಾಲನ್ನು ಬ್ರೇಕಿನ ಮೇಲಿಂದ ತೆಗೆಯದೆ ಇಳಿದರೆ ಹಳೆಯ ದ್ರವ ಕುದಿದು ಗುಳ್ಳೆಗಳಾಗುತ್ತವೆ. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಒತ್ತಡ ಚಕ್ರವನ್ನು ಮುಟ್ಟುವುದಿಲ್ಲ. ಡಬ್ಬಿಯಲ್ಲಿ ದ್ರವ ತುಂಬಿಯೇ ಇರುವುದರಿಂದ ದೀಪ ಸುಮ್ಮನಿರುತ್ತದೆ! ಆದಕಾರಣ ಘಾಟಿಯನ್ನು ಎರಡನೆಯ ಗೇರಿನಲ್ಲಿ, ಕಡಿದಾದಲ್ಲಿ ಮೊದಲನೆಯದರಲ್ಲಿ ಇಳಿಯಬೇಕು. ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿಯಂತೂ ಶುದ್ಧ ಅವಿವೇಕ.

ಹಳದಿ ಬಣ್ಣದ ಎಬಿಎಸ್ ದೀಪ ಬೇರೆಯದು. ೨೦೧೯ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಗಿದೆ. ಅದೊಂದೇ ಬೆಳಗಿದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಜೋರಾಗಿ ತುಳಿದಾಗ ಚಕ್ರ ಜಾರಬಹುದು ಅಷ್ಟೆ. ಕೆಂಪು ಹಳದಿ ಎರಡೂ ಒಟ್ಟಿಗೆ ಬೆಳಗಿದರೆ ಮುಂದಿನ ಹಿಂದಿನ ಚಕ್ರಗಳಿಗೆ ಒತ್ತಡ ಹಂಚುವ ಏರ್ಪಾಡೂ ಕೆಟ್ಟಿರಬಹುದು. ಪ್ರಯಾಣವನ್ನು ಅಲ್ಲಿಗೆ ನಿಲ್ಲಿಸುವುದೇ ಸರಿ.

ಇನ್ನು ಡಬ್ಬಿಗೆ ಹಾಕುವ ದ್ರವದ ವಿಚಾರ. ಯಾವ ದರ್ಜೆಯೆಂಬುದು ಅದರ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಎಂಜಿನ್ ಆಯಿಲ್ ಹನಿಯಷ್ಟೂ ಸೇರಬಾರದು, ಸೇರಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಹಾಳಾಗುತ್ತವೆ. ಕಾರಿನ ಬಣ್ಣದ ಮೇಲೆ ದ್ರವ ಚೆಲ್ಲಿದರೆ ಕೂಡಲೇ ನೀರು ಸುರಿದು ತೊಳೆಯಬೇಕು. ಉಳಿದದ್ದನ್ನು ಮುಂದಿನ ವರ್ಷಕ್ಕಾಗುತ್ತದೆಂದು ಅಟ್ಟದ ಮೇಲೆ ಇಟ್ಟುಕೊಳ್ಳುವುದು ಬೇಡ; ಒಡೆದ ಡಬ್ಬಿಯ ದ್ರವ ಅಲ್ಲಿ ಕುಳಿತೇ ತೇವ ಹೀರುತ್ತಿರುತ್ತದೆ.