ಜಂತುನಾಶಕ: ಕುದುರೆಗೊಂದು ಲೆಕ್ಕ, ಹಸುವಿಗೊಂದು ಲೆಕ್ಕ



ಕುಣಿಗಲ್ ಎಂದರೆ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ನೆನಪಾಗುತ್ತದೆ. ಆ ಕಡೆಯ ಸಂಘಗಳಲ್ಲಿ "ಡಾಕ್ಟ್ರೇ, ಕುದುರೆಗೆ ಕೊಡೋ ಹುಳದ ಔಷಧಿ ಹಸುವಿಗೂ ಆಗುತ್ತಾ?" ಎಂದು ಕೇಳುವವರಿದ್ದಾರೆ.

ಕೆಲವು ಔಷಧಿಗಳು ಎರಡಕ್ಕೂ ಒಂದೇ, ಪ್ರಮಾಣ ಮಾತ್ರ ಬೇರೆ. ಫೆನ್‌ಬೆಂಡಜೋಲ್ ಅನ್ನು ಹಸುವಿಗೆ ಪ್ರತಿ ಕೆ.ಜಿ. ತೂಕಕ್ಕೆ 5 ಮಿ.ಗ್ರಾಂ, ಕುದುರೆಗೆ 7.5 ಮಿ.ಗ್ರಾಂ ಕೊಡುತ್ತೇವೆ. ಜೊತೆಗೆ ಹಸುವಿನ ಹಾಲು ಡೇರಿಗೆ ಹೋಗುತ್ತದೆ. ಆದ್ದರಿಂದ ಹಸುವಿಗೆ ಹಸುವಿನ ಔಷಧಿಯನ್ನೇ ಕೊಡಿ. ಕುದುರೆ ಸಾಕುವವರಿಂದ ಕಲಿಯಬೇಕಾದದ್ದು ಎರಡು: ಸಗಣಿ ಪರೀಕ್ಷೆ ಮತ್ತು ತೂಕದ ಲೆಕ್ಕ.

ತೂಕ ತಿಳಿಯುವುದು ಹೇಗೆ?

ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಟೇಪಿನಿಂದ ಇಂಚಿನಲ್ಲಿ ಅಳೆಯಿರಿ. ಭುಜದ ತುದಿಯಿಂದ ಹಿಂಭಾಗದ ಮೂಳೆಯವರೆಗೆ ಉದ್ದ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ ÷ 660 ಮಾಡಿದರೆ ಅಂದಾಜು ತೂಕ ಕೆ.ಜಿ.ಯಲ್ಲಿ ಸಿಗುತ್ತದೆ. ಸುತ್ತಳತೆ 66, ಉದ್ದ 60 ಇಂಚು ಇದ್ದರೆ ಸುಮಾರು 396 ಕೆ.ಜಿ. 1.5 ಗ್ರಾಂನ ಒಂದು ಫೆನ್‌ಬೆಂಡಜೋಲ್ ಮಾತ್ರೆ 300 ಕೆ.ಜಿ.ಗೆ ಮಾತ್ರ ಸಾಕು. ದೊಡ್ಡ ಸೀಮೆ ಹಸುವಿಗೆ ಅದನ್ನೇ ಕೊಟ್ಟರೆ ಗಟ್ಟಿ ಹುಳುಗಳು ಉಳಿದು, ಮುಂದೆ ಔಷಧಿಗೇ ಬಗ್ಗುವುದಿಲ್ಲ.

ಯಾವಾಗ ಕೊಡಬೇಕು?

• ಕರು: ಮೊದಲ ಡೋಸ್ 10–15ನೇ ದಿನ. ತಾಯಿಯ ಹಾಲಿನ ಮೂಲಕವೇ ದುಂಡುಹುಳು ಕರುವಿಗೆ ಬರುತ್ತದೆ. ಎಮ್ಮೆ ಕರುಗಳಲ್ಲಿ ಇದು ಹೆಚ್ಚು. ಜೇಡಿಮಣ್ಣಿನ ಬಣ್ಣದ, ನಾರುವ ಭೇದಿ ಕಂಡರೆ ಕಾಯಬೇಡಿ. ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ, ವರ್ಷ ತುಂಬುವವರೆಗೆ 3 ತಿಂಗಳಿಗೊಮ್ಮೆ.
• ದೊಡ್ಡ ರಾಸು: ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ಸಾಧ್ಯವಾದಷ್ಟೂ ಸಗಣಿ ಪರೀಕ್ಷೆ ಮಾಡಿಸಿ.
• ಗಬ್ಬದ ಹಸು: ಮೊದಲ ತಿಂಗಳುಗಳಲ್ಲಿ ಆಲ್ಬೆಂಡಜೋಲ್ ಬೇಡ, ಗರ್ಭಕ್ಕೆ ಅಪಾಯ. ಗಬ್ಬ ಎಂದು ಅನುಮಾನವಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ.

ಗುಬ್ಬಿ, ಕುಣಿಗಲ್ ಕಡೆ ಕೆರೆ ಅಂಗಳದಲ್ಲಿ, ನಾಲೆ ಪಕ್ಕದಲ್ಲಿ ಮೇಯುವ ರಾಸುಗಳಿಗೆ ಬಸವನಹುಳುವಿನಿಂದ ಹರಡುವ ಯಕೃತ್ತಿನ ಹುಳು ತಗಲಬಹುದು. ಗದ್ದದ ಕೆಳಗೆ ನೀರು ತುಂಬಿದಂತೆ ಊದಿಕೊಂಡರೆ ಅದರ ಗುರುತಿರಬಹುದು. ಇದಕ್ಕೆ ಬೇರೆ ಔಷಧಿಯೇ ಬೇಕಾದೀತು. ಅಂಗಡಿಯಲ್ಲಿ ಕೇಳಿ ತರಬೇಡಿ.

ಕುಡಿಸುವಾಗ ಎಚ್ಚರ

ಗೊಟ್ಟದಲ್ಲಿ ಕುಡಿಸುವಾಗ ನಾಲಿಗೆ ಹಿಡಿದೆಳೆಯುವುದು, ಮೂತಿಯನ್ನು ಆಕಾಶಕ್ಕೆತ್ತುವುದು ನಮ್ಮಲ್ಲಿ ರೂಢಿ. ಹಾಗೆ ಮಾಡಿದರೆ ಔಷಧಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಹುಳುವಿನಿಂದ ಸಾಯದ ರಾಸು ಔಷಧಿ ಕುಡಿಸಿದ್ದರಿಂದ ಸಾಯಬಹುದು. ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೇಳದಿರಲಿ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ ಹಾಕಿ, ನುಂಗಲು ಬಿಡಿ. ಕೆಮ್ಮಿದರೆ ಕೂಡಲೇ ತಲೆ ಬಿಟ್ಟುಬಿಡಿ.

ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಡೇರಿಗೂ ಹಾಕಬೇಡಿ, ಮನೆ ಮಕ್ಕಳಿಗೂ ಕೊಡಬೇಡಿ. ಔಷಧಿ ಹೆಸರು, ಕೊಟ್ಟ ದಿನಾಂಕ, ಪ್ರಮಾಣವನ್ನು ಕೊಟ್ಟಿಗೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೊಸದಾಗಿ ಹಾಕಿದ ಸಗಣಿಯನ್ನು ನಿಂಬೆಹಣ್ಣಿನಷ್ಟು ಡಬ್ಬಿಯಲ್ಲಿ ಹಾಕಿ, ಅಂದೇ ಹತ್ತಿರದ ಪಶು ಆಸ್ಪತ್ರೆಗೆ ತನ್ನಿ.