ಕೋಚ್ ಕೈಗೆ ಲೈನ್ಸ್‌ಮನ್ ಬಾವುಟ

ವಿಶ್ವಕಪ್ ಆಡಲು ಬಂದ ತಂಡದ ಕೋಚ್, ಅದೇ ಟೂರ್ನಿಯ ಬೇರೆಯವರ ಪಂದ್ಯದಲ್ಲಿ ಬಾವುಟ ಹಿಡಿದು ಆಫ್‌ಸೈಡ್ ನೋಡಲು ನಿಂತರೆ ಹೇಗಿರುತ್ತದೆ? ಈಗ ಹಾಗಾದರೆ ಟಿವಿ ಚರ್ಚೆಗಳು ವಾರವಾದರೂ ಮುಗಿಯವು. 1930ರ ಮೊದಲ ವಿಶ್ವಕಪ್‌ನಲ್ಲಿ ರುಮೇನಿಯಾದ ಕೋಚ್ ಕಾನ್‌ಸ್ಟಾಂಟಿನ್ ರಡುಲೆಸ್ಕು ಮಾಡಿದ್ದು ಅದನ್ನೇ. ಕೆಲವು ಪಂದ್ಯಗಳಿಗೆ ಅವರು ಲೈನ್ಸ್‌ಮನ್.

ಇದಕ್ಕೆ ಕಾರಣ ದೂರ. ಟೂರ್ನಿ ನಡೆದದ್ದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ. ಯುರೋಪಿನಿಂದ ಹೋಗಲು ಹಡಗೇ ಗತಿ, ಒಂದು ಕಡೆಯ ಪಯಣಕ್ಕೇ ಎರಡು ವಾರ. ಹಾಗಾಗಿ ಅಲ್ಲಿಂದ ಹೊರಟದ್ದು ನಾಲ್ಕೇ ತಂಡ. ರುಮೇನಿಯಾದವರು ಜಿನೋವಾದಲ್ಲಿ 'ಕಾಂಟೆ ವೆರ್ಡೆ' ಹಡಗು ಹತ್ತಿದರು. ಫ್ರಾನ್ಸ್ ಮತ್ತು ಬೆಲ್ಜಿಯಂ ತಂಡಗಳು, ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ, ಅವರ ಸಾಮಾನಿನ ಜೊತೆ ವಿಶ್ವಕಪ್ಪೂ ಅದೇ ಹಡಗಿನಲ್ಲಿತ್ತು. ರೆಫರಿಗಳನ್ನು ಹೊಂದಿಸುವುದೂ ಅಷ್ಟೇ ಕಷ್ಟ. ಇಡೀ ಟೂರ್ನಿಗೆ ಸಿಕ್ಕವರು 15 ಮಂದಿ, ಅವರಲ್ಲಿ ಯುರೋಪಿನವರು ನಾಲ್ವರು. ಆ ನಾಲ್ವರಲ್ಲಿ ರಡುಲೆಸ್ಕು ಒಬ್ಬರು.

ಅವರೊಬ್ಬರನ್ನೇ ದೂರುವಂತಿಲ್ಲ. ಬೊಲಿವಿಯಾದ ಕೋಚ್ ಉಲಿಸೆಸ್ ಸೌಸೆಡೊ ಇನ್ನೂ ಒಂದು ಹೆಜ್ಜೆ ಮುಂದೆ. ಜುಲೈ 19ರಂದು ಅರ್ಜೆಂಟೀನಾ–ಮೆಕ್ಸಿಕೊ ಪಂದ್ಯಕ್ಕೆ ಅವರೇ ಮುಖ್ಯ ರೆಫರಿ. ಅರ್ಜೆಂಟೀನಾ 6-3ರಿಂದ ಗೆದ್ದಿತು. ಮರುದಿನ ಅವರದೇ ತಂಡ ಬ್ರೆಜಿಲ್ ಎದುರು ಆಡಿ 0-4ರಿಂದ ಸೋತಿತು! ಹಿಂದಿನ ದಿನವಿಡೀ ಮೈದಾನದಲ್ಲಿ ಓಡಿದ ಮನುಷ್ಯ ತನ್ನ ಹುಡುಗರಿಗೆ ಏನು ತಂತ್ರ ಹೇಳಿಕೊಟ್ಟಿರಬಹುದೋ!

ಕೋಚ್ ಅಲ್ಲದ ರೆಫರಿಗಳಿದ್ದ ಪಂದ್ಯಗಳೂ ಸುಸೂತ್ರವಾಗಿರಲಿಲ್ಲ. ಜುಲೈ 15ರಂದು ಅರ್ಜೆಂಟೀನಾ–ಫ್ರಾನ್ಸ್ ನಡುವೆ ಸ್ಕೋರು 1-0. ಫ್ರಾನ್ಸ್ ಗೋಲಿನತ್ತ ನುಗ್ಗುತ್ತಿದ್ದಾಗ ಬ್ರೆಜಿಲ್‌ನ ರೆಫರಿ ಅಲ್ಮೇಡಾ ರೇಗೊ ಆರು ನಿಮಿಷ ಮೊದಲೇ ಕೊನೆಯ ಸೀಟಿ ಊದಿಬಿಟ್ಟರು. ಗಲಾಟೆಯಾಯಿತು. ತಪ್ಪು ತಿಳಿದ ಮೇಲೆ ಆಟಗಾರರನ್ನು ಮತ್ತೆ ಕರೆಸಿ ಉಳಿದ ಆಟ ಆಡಿಸಿದರು. ಸ್ಕೋರು ಮಾತ್ರ ಬದಲಾಗಲಿಲ್ಲ.

ರಡುಲೆಸ್ಕು ತಂಡದ ಪಾಲಿಗೆ ಬಂದದ್ದು ಒಂದು ಗೆಲುವು, ಒಂದು ಸೋಲು. ಜುಲೈ 14ರಂದು ಪೆರುವನ್ನು 3-1ರಿಂದ ಮಣಿಸಿದರು. ಅಧಿಕೃತ ಲೆಕ್ಕದಲ್ಲೇ ಮೂರು ಸಾವಿರ ಮುಟ್ಟದ ಜನ ನೋಡಿದ ಆ ಪಂದ್ಯದಲ್ಲಿ ರುಮೇನಿಯಾದ ಸ್ಟೈನರ್ ಕಾಲು ಮುರಿದುಕೊಂಡರು. ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಪೆರುವಿನ ಗಾಲಿಂಡೊ ಅವರನ್ನು ರೆಫರಿ ಹೊರಗೆ ಕಳಿಸಿದರು. ವಿಶ್ವಕಪ್‌ನಲ್ಲಿ ಹಾಗೆ ಹೊರನಡೆದ ಮೊದಲಿಗ ಅವರೇ. ಕೆಂಪು ಕಾರ್ಡ್ ಇನ್ನೂ ಹುಟ್ಟಿರಲಿಲ್ಲ, ಬೆರಳು ತೋರಿಸಿದರೆ ಮುಗಿಯಿತು. ಒಂದು ವಾರದ ಬಳಿಕ ಆತಿಥೇಯ ಉರುಗ್ವೆ ಎದುರು 0-4 ಸೋಲು, ಅಲ್ಲಿಗೆ ಮನೆದಾರಿ.

ಕೋಚ್‌ಗಳು ಬಾವುಟ ಹಿಡಿದದ್ದರಿಂದ ಫಲಿತಾಂಶ ಕೆಟ್ಟಿತೆಂದು ನಾನು ಹೇಳುವುದಿಲ್ಲ. ಆದರೆ ತೀರ್ಪು ಹೇಳುವವನು ಆಟದ ಪಾಲುದಾರನಾಗಿರಬಾರದು ಎಂಬ ಎಚ್ಚರ ಆಗಿನ್ನೂ ಗಟ್ಟಿಯಾಗಿರಲಿಲ್ಲ ಎಂಬುದಂತೂ ನಿಜ.

ರುಮೇನಿಯಾ ಮಾತ್ರ ಮುಂದೆ ರೆಫರಿಗಳಿಗೇ ಹೆಸರಾಯಿತು. ನಿಕೋಲಾಯ್ ರೈನಿಯಾ 1980ರ ಯುರೋ ಫೈನಲ್ ಹಾಗೂ 1983ರ ಯುರೋಪಿಯನ್ ಕಪ್ ಫೈನಲ್ ನಡೆಸಿದರು. 1995ರಲ್ಲಿ ಅಯಾಕ್ಸ್–ಮಿಲಾನ್ ಚಾಂಪಿಯನ್ಸ್ ಲೀಗ್ ಫೈನಲ್ ಇಯೋನ್ ಕ್ರಾಚುನೆಸ್ಕು ಪಾಲಿಗೆ ಬಂತು. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಪಿಎಸ್‌ಜಿ ಇಂಟರ್ ಮಿಲಾನನ್ನು 5-0ರಿಂದ ಸೋಲಿಸಿದಾಗ ರೆಫರಿಯಾಗಿದ್ದವರು ಇಸ್ತ್ವಾನ್ ಕೋವಾಚ್. ಆ ಫೈನಲ್‌ಗೆ ರುಮೇನಿಯಾದ ಕ್ಲಬ್ ಬಂದಿದ್ದರೆ ಅವರಿಗೆ ಸೀಟಿ ಸಿಗುತ್ತಲೇ ಇರಲಿಲ್ಲ.